ಟಿ.ಬಿ. ಡ್ಯಾಂಗೆ ಹೋದಾಗ ಏನು ನೋಡುತ್ತೀರಿ?



ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಶುರುವಾಗುತ್ತದೆ. ಹಂಪಿಗೆ ಹೋದವರು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯನ್ನು ನೋಡದೆ ಬರುವುದು ಕಡಿಮೆ. ಉದ್ಯಾನ, ಜಿಂಕೆಗಳು, ಬಣ್ಣದ ಸಂಗೀತ ಕಾರಂಜಿ, ಕೈಯಲ್ಲಿ ಮಂಡಕ್ಕಿ ಮಿರ್ಚಿ, ಕೊನೆಗೆ ಅಣೆಕಟ್ಟೆಗೆ ಬೆನ್ನು ಮಾಡಿ ಒಂದು ಗುಂಪು ಫೋಟೊ. ಮರಳಿ ಬಂದು ಬರೆಯುವ ಪ್ರಬಂಧದಲ್ಲಿ ಕಾರಂಜಿಗೆ ಒಂದು ಪುಟ, ಅಣೆಕಟ್ಟೆಗೆ ಎರಡು ಸಾಲು! ಇದು ತಿರುಗುಮುರುಗಾಗಬೇಕು ಎಂಬುದು ನನ್ನ ಅಭಿಪ್ರಾಯ. ಕಾರಂಜಿ ನೋಡಬೇಡಿ ಎನ್ನುತ್ತಿಲ್ಲ, ನನಗೂ ಅದು ಇಷ್ಟವೇ.

ಹಂಪಿಯ ಕಲ್ಲಿನ ರಥ ಇಂದು ಯಾವ ಕೆಲಸವನ್ನೂ ಮಾಡಬೇಕಿಲ್ಲ. ಆದರೆ 1953ರಲ್ಲಿ ನೀರು ನಿಲ್ಲಿಸಲು ಆರಂಭಿಸಿದ ಈ ಅಣೆಕಟ್ಟೆ ಇಂದಿಗೂ ಹಗಲೂ ರಾತ್ರಿ ದುಡಿಯುತ್ತಿದೆ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ರೈತರು ಇದರ ನೀರನ್ನು ನಂಬಿದ್ದಾರೆ. ದುಡಿಯುವ ಯಂತ್ರ ಸವೆಯುತ್ತದೆ. ಎಲ್ಲಿ ಸವೆಯುತ್ತದೆ, ಹೇಗೆ ಸವೆಯುತ್ತದೆ ಎಂಬುದನ್ನೇ ನೀವು ಅಲ್ಲಿ ನೋಡಬೇಕು.

ಮೊದಲು ಗೇಟುಗಳನ್ನು ಎಣಿಸಿ. ಒಟ್ಟು 33 ಇವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ ತುಂಬಿದಾಗ ಒಂದು ಗೇಟಿನ ಮೇಲೆ ಬೀಳುವ ಒತ್ತಡವನ್ನು ನೀವೇ ಲೆಕ್ಕ ಹಾಕಬಹುದು. ಗೇಟಿನ ವಿಸ್ತೀರ್ಣ ಸುಮಾರು 111 ಚದರ ಮೀಟರ್. ನೀರಿನ ಮೇಲ್ಮೈಯಲ್ಲಿ ಒತ್ತಡ ಸೊನ್ನೆ, ಗೇಟಿನ ಬುಡದಲ್ಲಿ ಅತಿ ಹೆಚ್ಚು. ಸರಾಸರಿ ತೆಗೆದರೆ ಚದರ ಮೀಟರಿಗೆ ಸುಮಾರು 3 ಟನ್. ಗುಣಿಸಿ ನೋಡಿ, 330 ಟನ್ನಿಗೂ ಹೆಚ್ಚು! ಒಂದು ಆನೆ 5 ಟನ್ ಎಂದಿಟ್ಟುಕೊಂಡರೆ, ಅರವತ್ತಕ್ಕೂ ಹೆಚ್ಚು ಆನೆಗಳ ಭಾರದಷ್ಟು ಬಲ ಒಂದು ಗೇಟನ್ನು ತಳ್ಳುತ್ತಿರುತ್ತದೆ. ಇಂಥ ಗೇಟನ್ನು ಎತ್ತಿ ಇಳಿಸುವುದು ಸರಪಳಿಗಳು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 10 ಲಕ್ಷ ಲೀಟರ್ ನೀರು ನುಗ್ಗತೊಡಗಿತು. ಆಗ ಅಧಿಕಾರಿಗಳು ಉಳಿದ ಗೇಟುಗಳನ್ನೂ ತೆರೆದರು. ಹೋಗುತ್ತಿರುವ ನೀರು ಸಾಲದೆ ಇನ್ನಷ್ಟು ಬಿಟ್ಟರೇಕೆ ಎಂದು ಹಲವು ಮಕ್ಕಳು ನನ್ನನ್ನು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ನೀರಿನ ಮಟ್ಟ ಇಳಿದಷ್ಟೂ ಒತ್ತಡ ಇಳಿಯುತ್ತದೆ. ಒತ್ತಡ ಇಳಿಯದೆ ಆ ಕಿಂಡಿಯಲ್ಲಿ ಏನನ್ನೂ ನಿಲ್ಲಿಸಲಾಗದು.

ಹಳೆಯ ಕಾಲದ ಕಿರಾಣಿ ಅಂಗಡಿಗಳಲ್ಲಿ ಹಲಗೆಗಳನ್ನು ಒಂದೊಂದಾಗಿ ಗಾಡಿಗೆ ಸೇರಿಸಿ ಬಾಗಿಲು ಮುಚ್ಚುತ್ತಿದ್ದುದನ್ನು ನಿಮ್ಮ ಅಜ್ಜ ಹೇಳಬಲ್ಲರು. ಇಲ್ಲಿ ಮಾಡಿದ್ದೂ ಅದೇ, ಹಲಗೆಗಳು ಮಾತ್ರ ಅಡ್ಡಡ್ಡ ಮತ್ತು ಉಕ್ಕಿನವು. ಇವುಗಳಿಗೆ ಸ್ಟಾಪ್‌ಲಾಗ್ ಎಂದು ಹೆಸರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಲಾ 4 ಅಡಿ ಎತ್ತರದ 5 ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿದರು, ಅದೂ ಹರಿಯುವ ನೀರಿನಲ್ಲಿ! ಆ ವರ್ಷ ಮತ್ತೆ ಮಳೆ ಬಂದು ಜಲಾಶಯ ತುಂಬಿದ್ದು ರೈತರ ಪುಣ್ಯ. 2025ರಲ್ಲಿ ಹಳೆಯ ಗೇಟುಗಳಿಗೆ ಹೆಚ್ಚು ಒತ್ತಡ ಬೀಳಬಾರದೆಂದು ನೀರಿನ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಿದರು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್.)

ಗೇಟಾದರೋ ಕಣ್ಣಿಗೆ ಕಾಣುತ್ತದೆ. ಕಾಣದಂತೆ ನಡೆಯುವುದು ಇನ್ನೊಂದಿದೆ, ಹೂಳು. ಈ ಜಲಾಶಯ ಮೊದಲಿಗೆ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. 2016ರ ಅಳತೆಯಂತೆ ಹಿಡಿಯುವುದು 105.788 ಟಿ.ಎಂ.ಸಿ. ಮಾತ್ರ. ಐದರಲ್ಲಿ ಒಂದು ಪಾಲು ಜಾಗವನ್ನು ಮಣ್ಣು ನುಂಗಿದೆ.

ಇದು ಹೇಗೆಂದು ತಿಳಿಯಲು ಒಂದು ಬಾಟಲಿ ಸಾಕು. ಹೊಲದ ಒಂದು ಹಿಡಿ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ಕ್ಷಣದಲ್ಲಿ ತಳ ಸೇರುತ್ತದೆ. ನಯವಾದ ಜೇಡಿ ಮರುದಿನದವರೆಗೂ ತೇಲಬಹುದು. ಕುಲುಕುವವರೆಗೆ ಮಾತ್ರ ಮಣ್ಣು ನೀರಿನೊಂದಿಗೆ ಓಡಾಡುತ್ತದೆ. ಮಳೆಗಾಲದ ಹೊಳೆಯೂ ಹಾಗೆಯೇ ಮಣ್ಣನ್ನು ಹೊತ್ತು ಬರುತ್ತದೆ, ಜಲಾಶಯ ಸೇರಿ ವೇಗ ಕಳೆದುಕೊಂಡೊಡನೆ ಇಳಿಸಿಬಿಡುತ್ತದೆ.

ಹಾಗಾದರೆ ಹೂಳು ಎತ್ತಿಬಿಡಬಾರದೇ? ಇದಕ್ಕೂ ಲೆಕ್ಕವೇ ಉತ್ತರ ಕೊಡಲಿ. 27 ಟಿ.ಎಂ.ಸಿ. ಎಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಟಿಪ್ಪರ್‌ನಲ್ಲಿ 10 ಘನ ಮೀಟರ್ ಹಿಡಿಸಿದರೆ 7.6 ಕೋಟಿ ಲೋಡು. ದಿನಕ್ಕೆ 1,000 ಲೋಡಿನಂತೆ, ರಜೆಯಿಲ್ಲದೆ ಹೊತ್ತರೂ 200 ವರ್ಷ ಮೀರುತ್ತದೆ. ಅಷ್ಟರಲ್ಲಿ ಹೊಸ ಹೂಳು ಬಂದಿರುತ್ತದೆ! ಅದಕ್ಕೇ ಮೇಲಿನ ಜಿಲ್ಲೆಗಳ ಹೊಲದ ಬದು, ಗುಡ್ಡದ ಮರ, ಕೆರೆಯ ಏರಿ ಇವೆಲ್ಲ ಈ ಅಣೆಕಟ್ಟೆಯ ಭಾಗಗಳೇ ಎಂದು ನಾನು ಹೇಳುವುದು.

ಅಮೆರಿಕದ ಹೂವರ್ ಅಣೆಕಟ್ಟೆಯಲ್ಲಿ ಪ್ರವಾಸಿಗರನ್ನು ಲಿಫ್ಟಿನಲ್ಲಿ ಕೆಳಗಿಳಿಸಿ ವಿದ್ಯುತ್ ಯಂತ್ರಗಳನ್ನು ತೋರಿಸುತ್ತಾರೆ. ನಮ್ಮಲ್ಲಿ ಅಣೆಕಟ್ಟೆಯ ಮೇಲಕ್ಕೆ ಎಲ್ಲರನ್ನೂ ಬಿಡಲಾಗದು, ಭದ್ರತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಪ್ರತಿ ದೊಡ್ಡ ಅಣೆಕಟ್ಟೆಯ ಬಳಿಯೂ ಮಕ್ಕಳಿಗಾಗಿ ಒಂದು ಮಾಹಿತಿ ಕೇಂದ್ರ ಬೇಕು. ದೊಡ್ಡ ಕಟ್ಟಡ ಬೇಡ. ಕೈಯಿಂದ ಸರಪಳಿ ಎಳೆದು ಎತ್ತಬಹುದಾದ ಗೇಟಿನ ಮಾದರಿ, ಜಲಾಶಯದ ತಳದ ಹೂಳು ತುಂಬಿದ ಗಾಜಿನ ಜಾಡಿ, ಮುಳುಗಡೆಯಾದ ನಾರಾಯಣದೇವರಕೆರೆಯಂಥ ಊರುಗಳ ನಕ್ಷೆ ಇದ್ದರೆ ಒಂದು ಕೋಣೆ ಸಾಕು. ಗೋಡೆಯ ಮೇಲೆ ಎರಡು ಅಂಕಿಗಳು ದೊಡ್ಡದಾಗಿ ಇರಲಿ: ಅಂದು ಎಷ್ಟು ನೀರು ಹಿಡಿಯುತ್ತಿತ್ತು, ಈಗ ಎಷ್ಟು.

ಅಂಥ ಕೋಣೆ ಬರುವವರೆಗೆ ನಿಮ್ಮ ನೋಟ್‌ಬುಕ್ಕೇ ಮಾಹಿತಿ ಕೇಂದ್ರ. ಪ್ರವಾಸಕ್ಕೆ ಒಂದು ವಾರ ಮೊದಲು ನಿಮ್ಮ ಗುರುಗಳ ಜೊತೆ ಕುಳಿತು ಪ್ರಶ್ನೆಗಳನ್ನು ಬರೆದುಕೊಳ್ಳಿ. ಇಂದಿನ ಒಳಹರಿವು ಎಷ್ಟು? ಸರಪಳಿಯನ್ನು ಯಾರು, ಯಾವಾಗ ಪರೀಕ್ಷಿಸುತ್ತಾರೆ? ಹೂಳಿನ ಅಳತೆ ಕೊನೆಯ ಬಾರಿ ಆದದ್ದು ಯಾವಾಗ? ಅಲ್ಲಿ ಕಾಣುವ ಸಿಬ್ಬಂದಿಗೆ ನಮಸ್ಕಾರ ಹೇಳಿ, ಇವನ್ನು ಕೇಳಿ. ಸಿಕ್ಕ ಉತ್ತರಗಳನ್ನು ಶಾಲೆಯ ಗೋಡೆ ಪತ್ರಿಕೆಯಲ್ಲಿ ಹಾಕಿ. ಸಿಗದ ಉತ್ತರಗಳ ಪ್ರಶ್ನೆಗಳನ್ನೂ ಹಾಕಿ.