ಪೆಟ್ಟಿಗೆ ಆಮೇಲೆ ಕೊಡಿ, ಮೊದಲು ಕೈ ಪಳಗಿಸಿ



ನಮ್ಮ ಮಲೆನಾಡಿನ ಯಾವ ಕೇರಿಗಾದರೂ ಹೋಗಿ ಅಟ್ಟ ಹತ್ತಿ ನೋಡಿ. ಒಂದೆರಡು ಮನೆಯಲ್ಲಾದರೂ ಖಾಲಿ ಜೇನುಪೆಟ್ಟಿಗೆ ಸಿಕ್ಕೇ ಸಿಗುತ್ತದೆ. ಒಳಗೆ ಹುಳ ಇರುವುದಿಲ್ಲ. ತುಕ್ಕು ಹಿಡಿದ ಮೊಳೆ, ಹರಿದ ಚೀಲ, ಮುರಿದ ಕತ್ತಿಯ ಹಿಡಿ ಇರುತ್ತದೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮೂರು ವರ್ಷ ಈರುಳ್ಳಿ ಇತ್ತು.

ಆ ಪೆಟ್ಟಿಗೆ ನನಗೆ ಸಿಕ್ಕಿದ್ದು ಒಂದು ದಿನದ ತರಬೇತಿಯಲ್ಲಿ. ಹತ್ತು ಗಂಟೆಗೆ ಅಂತ ಕರೆದಿದ್ದರು, ಹನ್ನೊಂದೂವರೆಗೆ ದೀಪ ಹಚ್ಚಿದರು. ಸ್ವಾಗತ, ಹಾರ, ಇಬ್ಬರು ಅತಿಥಿಗಳ ಭಾಷಣ. ಆಮೇಲೆ ಪರದೆಯ ಮೇಲೆ ರಾಣಿಹುಳದ ಚಿತ್ರ ತೋರಿಸಿದರು. ಹಿಂದೆ ಕೂತವರಿಗೆ ಅದು ರಾಣಿಯೋ ಗಂಡುಹುಳವೋ ತಿಳಿಯಲಿಲ್ಲ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೂರು ಗಂಟೆಗೆ ಪ್ರಮಾಣಪತ್ರ, ಫೋಟೊ, ತಲೆಗೊಂದು ಹುಳವಿದ್ದ ಪೆಟ್ಟಿಗೆ. ಇಡೀ ದಿನದಲ್ಲಿ ಒಂದೇ ಒಂದು ಫ್ರೇಮನ್ನೂ ಯಾರ ಕೈಗೂ ಕೊಡಲಿಲ್ಲ.

ಮನೆಗೆ ತಂದವನು ಅಂಗಳದ ಬಿಸಿಲಿಗೇ ಇಟ್ಟೆ. ದಿನಾ ಮುಚ್ಚಳ ತೆಗೆದು ಇಣುಕುತ್ತಿದ್ದೆ, ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದೆ. ಕಾಲಿನ ಬುಡಕ್ಕೆ ನೀರಿನ ಬಟ್ಟಲು ಇಡಬೇಕು ಎಂದಿದ್ದರು, ಇಟ್ಟೆ. ನೀರು ಆರಿದ್ದನ್ನು ನೋಡಲಿಲ್ಲ. ಇರುವೆ ಸಾಲು ಹತ್ತಿತು. ಒಂದು ಮಧ್ಯಾಹ್ನ ಹುಳವೆಲ್ಲ ಒಟ್ಟಿಗೆ ಎದ್ದು ಅಂಗಳದ ಮೇಲೆ ಎರಡು ಸುತ್ತು ಹೊಡೆದು ಹಲಸಿನ ಮರ ದಾಟಿ ಹೋದವು. ಹಿಂದೆ ಓಡಿದ್ದಷ್ಟೇ ಬಂತು. ನಮ್ಮ ತುಡುವೆ ಜೇನಿಗೆ ಮೊದಲೇ ನೆಲೆ ಬಿಟ್ಟೇಳುವ ಚಾಳಿ. ಕಿರಿಕಿರಿಯಾದರೆ ತುಂಬಿದ ಎರಿಯನ್ನೂ ಬಿಟ್ಟು ನಡೆಯುತ್ತದೆ. ಪಕ್ಕದ ಕೇರಿಯ ಹಿರಿಯರೊಬ್ಬರು ಬಂದು ಖಾಲಿ ಪೆಟ್ಟಿಗೆ ನೋಡಿ, "ಹುಳಕ್ಕೆ ಮನೆ ಕೊಟ್ಟೆ, ನೆಮ್ಮದಿ ಕೊಡಲಿಲ್ಲವಲ್ಲೋ ತಮಾ" ಅಂದರು. ನನ್ನ ಪಾಠ ಶುರುವಾದದ್ದು ಆ ದಿನ. ಅದಕ್ಕೆ ಒಂದು ವರ್ಷ ಹಿಡಿಯಿತು.

ಈ ಕರಪತ್ರ ಹಂಚುತ್ತಿರುವುದು ಒಂದು ಬೇಡಿಕೆಗಾಗಿ. ಪಂಚಾಯಿತಿಗೊಂದರಂತೆ, ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ, ವಾರಕ್ಕೆ ಅರ್ಧ ದಿನ, ಮಣ್ಣಿನಲ್ಲೇ ನಿಂತು ಕಲಿಸುವ ತರಗತಿ ನಡೆಯಬೇಕು. ವಿಷವಿಲ್ಲದ ತರಕಾರಿ ಮತ್ತು ಜೇನು, ಎರಡೂ ಒಂದೇ ಹಿತ್ತಲಲ್ಲಿ. ಪೆಟ್ಟಿಗೆಯ ಸಹಾಯಧನ ಅದಾದ ಮೇಲೆ ಬರಲಿ.

ಎರಡನ್ನೂ ಒಟ್ಟಿಗೆ ಯಾಕೆ ಕಲಿಯಬೇಕು ಎಂದು ಕೇಳಿದರೆ ಮೊಗೆಬಳ್ಳಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮೊಗೆಗೆ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಹುಟ್ಟುವಾಗಲೇ ಬೆರಳ ತುದಿಯಷ್ಟು ಮಿಡಿ ಇರುತ್ತದೆ. ಬೆಳಿಗ್ಗೆ ಅರಳಿದ ಹೊತ್ತಿನಲ್ಲಿ ಹುಳ ಬಂದು ಗಂಡು ಹೂವಿನ ಪರಾಗ ತಾಗಿಸದಿದ್ದರೆ ಆ ಮಿಡಿ ಹಳದಿಯಾಗಿ ಉದುರುತ್ತದೆ. ನಾವು ಅದನ್ನು ರೋಗ ಅಂದುಕೊಂಡು ಅಂಗಡಿಗೆ ಓಡುತ್ತೇವೆ. ಅಂಗಡಿಯವನು ಒಂದು ಬಾಟಲಿ ಕೊಡುತ್ತಾನೆ. ಆ ಬಾಟಲಿ ಉಳಿದಿದ್ದ ನಾಲ್ಕು ಹುಳವನ್ನೂ ಕೊಲ್ಲುತ್ತದೆ. ಮಾರನೇ ವಾರ ಮಿಡಿ ಇನ್ನಷ್ಟು ಉದುರುತ್ತದೆ.

ತರಗತಿಯಲ್ಲಿ ಇದಕ್ಕೆ ಭಾಷಣ ಬೇಕಿಲ್ಲ. ನಾಳೆ ಅರಳುವ ಎರಡು ಹೆಣ್ಣು ಮೊಗ್ಗನ್ನು ಸಂಜೆಯೇ ಗುರುತಿಸಿ ತೆಳ್ಳನೆ ಬಟ್ಟೆ ಕಟ್ಟಿಡಬೇಕು. ಬೆಳಿಗ್ಗೆ ಒಂದರ ಬಟ್ಟೆ ಬಿಚ್ಚಿ, ಎಸಳು ಕಿತ್ತ ಗಂಡು ಹೂವನ್ನು ಅದಕ್ಕೆ ಸವರಿ ಮತ್ತೆ ಕಟ್ಟಬೇಕು. ಇನ್ನೊಂದನ್ನು ಮುಟ್ಟಬಾರದು. ಮುಂದಿನ ವಾರದ ತರಗತಿಗೆ ಬಂದಾಗ ಒಂದು ಮಿಡಿ ಉಬ್ಬಿರುತ್ತದೆ, ಇನ್ನೊಂದು ಬಾಡಿರುತ್ತದೆ. ಏಳನೇ ಕ್ಲಾಸಿನ ಹುಡುಗಿಗೂ ಎಪ್ಪತ್ತರ ಅಜ್ಜನಿಗೂ ಒಂದೇ ಸಲಕ್ಕೆ ಅರ್ಥವಾಗುವ ಪಾಠ. ಆದರೆ ಅದಕ್ಕೆ ಎರಡನೇ ವಾರ ಅಂತ ಒಂದು ಇರಬೇಕು. ಒಂದು ದಿನದ ಶಿಬಿರಕ್ಕೆ ಎರಡನೇ ವಾರ ಎಲ್ಲಿಂದ ಬರಬೇಕು?

ಎಲ್ಲವನ್ನೂ ಜೇನೇ ಮಾಡುತ್ತದೆ ಎಂದೂ ಅಲ್ಲ. ಬದನೆ, ಟೊಮೆಟೊ ಹೂವಿನ ಪರಾಗ ಕೊಳವೆಯೊಳಗೆ ಬೀಗ ಹಾಕಿದಂತೆ ಇರುತ್ತದೆ. ಹೂವನ್ನು ಅವುಚಿ ಹಿಡಿದು ಗುಂಯ್ ಎಂದು ಅದುರಿಸಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಆ ವಿದ್ಯೆ ನಮ್ಮ ತುಡುವೆಗೆ ಗೊತ್ತಿಲ್ಲ, ಕರಿ ದುಂಬಿಗೆ ಗೊತ್ತು. ದುಂಬಿ ಗೂಡು ಮಾಡುವುದು ಒಣ ಮರದಲ್ಲಿ, ಹಳೇ ಬಿದಿರಿನಲ್ಲಿ. ಬೇಲಿ ಹೊಸದು ಮಾಡುವ ಭರದಲ್ಲಿ ಹಳೆ ಗಳವನ್ನೆಲ್ಲ ಒಲೆಗೆ ಹಾಕಿದರೆ ಬದನೆಯ ಇಳುವರಿಯನ್ನೂ ಸೇರಿಸಿ ಸುಟ್ಟಂತೆ. ಹೀರೆ ಅರಳುವುದು ಇಳಿಹೊತ್ತಿಗೆ, ಸೋರೆ ಮುಸ್ಸಂಜೆಗೆ. ಯಾವುದಕ್ಕೆ ಯಾರು ಯಾವ ಹೊತ್ತಿಗೆ ಬರುತ್ತಾರೆ ಎನ್ನುವುದು ಹಿತ್ತಲಲ್ಲಿ ಕೂತವರಿಗೆ ಮಾತ್ರ ಕಾಣುವ ಸಂಗತಿ.

ಸಾವಯವ ಎಂದ ಮಾತ್ರಕ್ಕೆ ಎಲ್ಲ ಸಾಧು ಎನ್ನುವ ನಂಬಿಕೆ ಇದೆಯಲ್ಲ, ಅದನ್ನೂ ಒಡೆಯಬೇಕು. ಹೊಗೆಸೊಪ್ಪಿನ ಕಷಾಯ ಮನೆಯಲ್ಲೇ ಕುದಿಸಿದ್ದು, ನಿಜ. ಆದರೆ ಅದರಲ್ಲಿರುವ ನಿಕೋಟಿನ್ ಜೇನಿಗೆ ವಿಷವೇ. ಐರೋಪ್ಯ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ನಿಷೇಧಿಸಿದ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಮೂರೂ ನಿಕೋಟಿನ್‌ನ ದಾಯಾದಿಗಳು. ಬೇವಿನೆಣ್ಣೆಯನ್ನು ಕೂಡ ಬೆಳಿಗ್ಗೆ ಒಂಬತ್ತಕ್ಕೆ ಅರಳಿದ ಹೂವಿನ ಮೇಲೆ ಹೊಡೆಯುವುದು ಅವಿವೇಕ. ಹುಳ ಗೂಡು ಸೇರಿದ ಮೇಲೆ, ಸಂಜೆ, ಎಲೆಯ ಅಡಿಗೆ ಹೊಡೆಯಬೇಕು. ಜೇನು ಸಾಕಿದವನಿಗೆ ಇದನ್ನು ಹೇಳಿಕೊಡಬೇಕಿಲ್ಲ. ತನ್ನ ಪೆಟ್ಟಿಗೆಯ ಬಾಗಿಲಲ್ಲಿ ಒಂದು ಹಿಡಿ ಸತ್ತ ಹುಳ ಕಂಡ ದಿನವೇ ಅವನ ಪಂಪು ಬೆಳಗಿನ ಹೊತ್ತು ಹೊರಗೆ ಬರುವುದು ನಿಲ್ಲುತ್ತದೆ.

ಗೊಬ್ಬರದ ಪಾಠವೂ ಹೀಗೇ ಕೆಟ್ಟಿದೆ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಜೀವಾಮೃತದ ಲೆಕ್ಕ ಎಲ್ಲರ ನೋಟ್‌ಬುಕ್ಕಿನಲ್ಲೂ ಇದೆ: ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ನಾಡ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಬರೆದುಕೊಂಡವರು ಬಹಳ, ಕಲಸಿದವರು ಕಡಿಮೆ. ಎರಡು ಗುಂಟೆ ಹಿತ್ತಲಿನ ಹೆಂಗಸು 200 ಲೀಟರ್ ಡ್ರಮ್ಮು ಎಲ್ಲಿಂದ ತರಬೇಕು? ಅವಳಿಗೆ ಬೇಕಾದ್ದು 10 ಲೀಟರ್. ಒಂದು ಬಕೆಟ್ಟು, ಅರ್ಧ ಕೆ.ಜಿ. ಸಗಣಿ, ಅರ್ಧ ಲೀಟರಿನೊಳಗೆ ಗಂಜಲ, ನೂರು ಗ್ರಾಂ ಬೆಲ್ಲ, ಅಷ್ಟೇ ಹಿಟ್ಟು, ಚಿಟಿಕೆ ಮಣ್ಣು. ಎದುರಿಗೆ ನಿಂತು ಒಮ್ಮೆ ಕಲಸಿದರೆ ಮುಗಿಯಿತು. ಗೊಬ್ಬರದ ಗುಂಡಿಯ ಹದವನ್ನೂ ಪುಸ್ತಕ ಹೇಳಲಾರದು. ದರಕಿನ ಅಡಿಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು ಹಿಂಡಬೇಕು. ಒಂದೆರಡು ಹನಿ ತೊಟ್ಟಿಕ್ಕಿದರೆ ಸರಿ, ಧಾರೆಯಾದರೆ ಒಣ ಎಲೆ ಸಾಲದು, ಪುಡಿಯಾಗಿ ಉದುರಿದರೆ ನೀರು ಸಾಲದು. ಕೊಳೆತ ವಾಸನೆಗೂ ಮೊದಲ ಮಳೆಯ ಮಣ್ಣಿನ ವಾಸನೆಗೂ ಇರುವ ಫರಕು ಮೂಗಿಗೆ ಕಲಿಸಬೇಕಾದದ್ದು.

ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿ ತಂದದ್ದು 2004ರಲ್ಲಿ. ನೀತಿಗೆ ಬರವಿಲ್ಲ, ಬರ ಇರುವುದು ಮಣ್ಣಿನಲ್ಲಿ ನಿಂತು ಕಲಿಸುವುದಕ್ಕೆ. ದೊಡ್ಡಬಳ್ಳಾಪುರದ ಬಳಿಯ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಂಡರು. ತಮ್ಮ ತೋಟಕ್ಕೆ ಬಂದವರನ್ನು ಅದೇ ತೋಟದಲ್ಲಿ ನಿಲ್ಲಿಸಿ ಪಾಠ ಹೇಳಿದವರು ಅವರು. ನೂರು ವರ್ಷ ಹಿಂದಕ್ಕೆ ಹೋದರೂ ಇದೇ ಮಾತು. ತುಡುವೆಗೆಂದು ಸಣ್ಣ ಅಳತೆಯ ಪೆಟ್ಟಿಗೆ ರೂಪಿಸಿದ ನ್ಯೂಟನ್ ಎಂಬ ಪಾದ್ರಿ 1911ರಿಂದ 1917ರ ನಡುವೆ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯ ಜೊತೆಗೆ ಅದನ್ನು ನಡೆಸುವವರನ್ನೂ ತಯಾರು ಮಾಡಿದರು. ನಮ್ಮ ಕಡೆ ಇವತ್ತಿಗೂ ಅವರ ಹೆಸರಿನ ಪೆಟ್ಟಿಗೆ ನಡೆಯುತ್ತಿದೆ. ನಾವು ಪೆಟ್ಟಿಗೆಯನ್ನು ಇಟ್ಟುಕೊಂಡು ತರಬೇತಿಯನ್ನು ಬಿಟ್ಟೆವು.

ಕೈವಿದ್ಯೆ ತಪ್ಪಿದರೆ ಏನಾಗುತ್ತದೆ ಎಂದು 1991–92ರ ಆಸುಪಾಸಿನಲ್ಲಿ ಕಂಡವರು ಇನ್ನೂ ಇದ್ದಾರೆ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಬಡಿಯಿತು. ಕೊಡಗು, ಮಲೆನಾಡು, ಕರಾವಳಿಯಲ್ಲಿ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದವು. ಮರಿಹುಳ ಕೋಣೆಯೊಳಗೇ ನೀರು ತುಂಬಿದ ಪುಟ್ಟ ಚೀಲದಂತಾಗಿ ಸಾಯುತ್ತದೆ. ಇದಕ್ಕೆ ಔಷಧ ಇಲ್ಲ. ರೋಗ ತಡೆದುಕೊಂಡು ಉಳಿದ ಕುಟುಂಬಗಳನ್ನು ಗುರುತಿಸಿ, ಅವುಗಳಿಂದಲೇ ರಾಣಿ ಎಬ್ಬಿಸಿ, ಪಾಲು ಮಾಡಿ ಹೆಚ್ಚಿಸಿಕೊಂಡವರು ಜೇನನ್ನು ಉಳಿಸಿದರು. ಫ್ರೇಮು ಎತ್ತಿ ಮರಿಯ ಬಣ್ಣ ನೋಡಿ ಹೇಳಬಲ್ಲ ಕಣ್ಣು ಅವರದು. ಅವರಿಗೆಲ್ಲ ಈಗ ವಯಸ್ಸಾಗಿದೆ.

ಆ ಕಣ್ಣು ಹೇಗೆ ಬರುತ್ತದೆ? ಪೆಟ್ಟಿಗೆಯ ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ತೆಂಗಿನ ನಾರಿನ ಹೊಗೆ ಎರಡು ಉಸಿರಿನಷ್ಟು ಸಾಕು. ಫ್ರೇಮನ್ನು ನೆಟ್ಟಗೆ ಮೇಲೆತ್ತಿ ಪೆಟ್ಟಿಗೆಯ ನೇರಕ್ಕೇ ಹಿಡಿಯಬೇಕು, ರಾಣಿ ಜಾರಿದರೂ ಒಳಗೇ ಬೀಳಲಿ. ಬೆಳಕಿಗೆ ಓರೆ ಮಾಡಿದರೆ ಕೋಣೆಗಳ ತಳದಲ್ಲಿ ಬಿಳಿ ನೂಲಿನ ತುಣುಕಿನಂಥ ಮೊಟ್ಟೆ ನಿಂತಿರುತ್ತದೆ. ಮೊಟ್ಟೆ ಮೂರು ದಿನಕ್ಕೆ ಒಡೆಯುವುದರಿಂದ, ಅದು ಕಂಡರೆ ಮೂರು ದಿನದ ಒಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ ಎಂದು ಅರ್ಥ. ರಾಣಿಯನ್ನೇ ಹುಡುಕುತ್ತ ಪೆಟ್ಟಿಗೆಯನ್ನೆಲ್ಲ ಕದಡಬೇಕಿಲ್ಲ. ನನಗೆ ಮೊಟ್ಟೆ ಕಂಡದ್ದು ಆರನೇ ಸಲಕ್ಕೆ. ಮೊದಲ ಐದು ಸಲ ಕಂಡಿತು ಎಂದು ಸುಳ್ಳು ಹೇಳಿದ್ದೆ.

ವರ್ಷವಿಡೀ ಯಾಕೆ ಎನ್ನುವುದಕ್ಕೆ ಜೇನಿನ ಪಂಚಾಂಗವೇ ಉತ್ತರ. ಜೂನ್‌ನಿಂದ ಮಳೆ ಹಿಡಿದರೆ ಹುಳಕ್ಕೆ ಹೊರಗೆ ಮೇವಿಲ್ಲ, ಸಕ್ಕರೆ ಪಾಕ ಇಡಬೇಕು. ಅದೇ ಹೊತ್ತಿಗೆ ಹಿತ್ತಲಲ್ಲಿ ಮೊಗೆ, ಬೆಂಡೆ, ಹೀರೆ ಏಳುತ್ತವೆ. ಮಳೆ ಕಳೆದು ಚಳಿ ಇಳಿಯುವಾಗ ಕುಟುಂಬ ಬೆಳೆದು ಎರಿಯ ಅಂಚಿಗೆ ರಾಣಿಕೋಣೆ ಜೋತುಬೀಳುತ್ತದೆ, ಆಗ ಪಾಲು ಮಾಡಬೇಕು, ತಡವಾದರೆ ಅರ್ಧ ಹುಳ ಹಾರಿಹೋಗುತ್ತದೆ. ಜೇನು ಕೊಯ್ಯುವುದು ಬೇಸಿಗೆಗೆ. ಇದರಲ್ಲಿ ಯಾವ ಒಂದು ದಿನವನ್ನು ಆರಿಸಿ ತರಬೇತಿ ಮಾಡುತ್ತೀರಿ?

ಪುರುಸೊತ್ತಿಲ್ಲ ಎನ್ನುವವರಿಗೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ಎರಡೆಕರೆ ಅಡಿಕೆ ತೋಟವಿದ್ದೂ ಬಯಲುಸೀಮೆಯ ಲಾರಿಯಲ್ಲಿ ಬಂದ ಬೆಂಡೆಕಾಯಿ ಕೊಳ್ಳಲು ಸಂತೆಗೆ ಹೋಗುವ ಹೊತ್ತೇ ಸಾಕಾಗುತ್ತದೆ. ಕಚ್ಚುತ್ತದೆ ಎನ್ನುವ ಹೆದರಿಕೆ ಮಾತ್ರ ನ್ಯಾಯವಾದದ್ದು. ಕಚ್ಚುತ್ತದೆ. ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದರೆ ಹೆಚ್ಚಿನವರಿಗೆ ಎರಡು ದಿನದ ಬಾವಿನಲ್ಲಿ ಮುಗಿಯುತ್ತದೆ. ಆದರೆ ಉಸಿರು ಕಟ್ಟಿದರೆ, ತುಟಿ ಊದಿದರೆ, ತಲೆ ಸುತ್ತಿದರೆ ಮನೆಮದ್ದು ಮಾಡುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಒಯ್ಯಿರಿ. ಅಂಥವರು ಪೆಟ್ಟಿಗೆಯ ಹತ್ತಿರ ಬರುವುದೇ ಬೇಡ, ಅವರಿಗೆ ಬೀಜದ ಕೆಲಸ ಬೇಕಾದಷ್ಟಿದೆ. ಇದನ್ನು ಮೊದಲ ದಿನವೇ ಹೇಳದ ತರಗತಿಗೆ ನಿಮ್ಮ ಮಕ್ಕಳನ್ನು ಕಳಿಸಬೇಡಿ.

ಖರ್ಚು ಏನು ಮಹಾ? ಶಾಲೆಯ ಹಿಂದೆ ನಾಲ್ಕು ಗುಂಟೆ ಜಾಗ, ಮೂರು ಪೆಟ್ಟಿಗೆ, ಹಾರೆ ಗುದ್ದಲಿ. ಬೆಳೆದದ್ದು ಬಿಸಿಯೂಟದ ಸಾರಿಗೆ ಹೋಗಲಿ. ಕಲಿಸುವವರು ಊರಲ್ಲೇ ಇದ್ದಾರೆ: ಜೇನಿನ ಹಿರಿಯರು, ಬೂದಿಯಲ್ಲಿ ಹೊರಳಿಸಿದ ಮೊಗೆಬೀಜವನ್ನು ಇನ್ನೂ ಜೋಪಾನ ಮಾಡುವ ಅಜ್ಜಿಯರು. ಶಾಲು ಹೊದೆಸಿ ಕಳಿಸುವುದು ಬೇಡ, ದಿನಗೂಲಿ ಕೊಡಿ. ಮರ ಹತ್ತುವ ಕೊನೆಗೌಡನಿಗೆ ಲೆಕ್ಕ ಹಾಕಿ ಕೊಡುವವರು ಇವರನ್ನು ಯಾಕೆ ಪುಕ್ಕಟೆ ದುಡಿಸಬೇಕು? ಒಬ್ಬ ಕಲಿಯುವವ ವರ್ಷದಲ್ಲಿ ಹತ್ತು ಸಲವಾದರೂ ತನ್ನ ಕೈಯಾರೆ ಫ್ರೇಮು ಎತ್ತಿದ್ದಾನೆ, ಒಂದು ಕುಟುಂಬವನ್ನು ಮಳೆಗಾಲ ದಾಟಿಸಿದ್ದಾನೆ ಎಂದು ಆ ಹಿರಿಯರು ಹೇಳಿದ ಮೇಲೆ ಅವನಿಗೆ ಪೆಟ್ಟಿಗೆ ಕೊಡಿ. ಅಲ್ಲಿಯವರೆಗೆ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಬೀದಿದೀಪದ ಜೊತೆ ಇದನ್ನೂ ಎದ್ದು ನಿಂತು ಕೇಳಿ, ಠರಾವಿನಲ್ಲಿ ಬರೆಸಿ. ಅಷ್ಟರೊಳಗೆ ಅಟ್ಟದ ಪೆಟ್ಟಿಗೆ ಕೆಳಗಿಳಿಯಲಿ. ಮೂಲೆಯಲ್ಲಿ ಮೇಣದ ಪತಂಗದ ಬಲೆ ಇದ್ದರೆ ಕೆರೆದು, ಒಂದು ದಿನ ಒಳ್ಳೆಯ ಬಿಸಿಲಿಗೆ ಒಡ್ಡಿ, ಚೂರು ಜೇನುಮೇಣ ಕರಗಿಸಿ ಫ್ರೇಮಿನ ಮೇಲ್ಪಟ್ಟಿಗೆ ಸವರಿಡಿ. ಈರುಳ್ಳಿಗೆ ಬೇರೆ ಬುಟ್ಟಿ ನೋಡಿದರಾಯಿತು.