ಪಂಪಿಗೆ ಕೊಟ್ಟ ಗಮನ ನಾಜಲಿಗೂ ಬೇಕು

ಮಳೆಗಾಲ ಸಮೀಪಿಸಿತೆಂದರೆ ನಮ್ಮ ಬೆಳೆಗಾರ ಬಂಧುಗಳ ಮಾತೆಲ್ಲ ಮೈಲುತುತ್ತದ ಧಾರಣೆ, ಸುಣ್ಣದ ಗುಣ ಮತ್ತು ಕೊನೆಗಾರರ ಕೂಲಿ ಇವುಗಳ ಸುತ್ತಲೇ ಸುತ್ತುತ್ತದೆ. ಹೊಸ ಎಚ್.ಟಿ.ಪಿ. ಪಂಪು ಕೊಂಡವರು ಅದರ ಎಂಜಿನ್ನಿನ ಶಕ್ತಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಇಷ್ಟೆಲ್ಲ ಖರ್ಚು ಮಾಡಿ ತಯಾರಿಸಿದ ಔಷಧಿ ಕೊನೆಗೆ ಹೊರಬೀಳುವುದು ಒಂದು ಸಾಸಿವೆ ಕಾಳಿನಷ್ಟು ತೂತಿನಿಂದ. ಆ ತೂತಿನ ವಿಚಾರವನ್ನು ಯಾರೂ ಕೇಳುವುದಿಲ್ಲ. ಅಂಗಡಿಯವನು ಕೊಟ್ಟದ್ದೇ ನಾಜಲು, ಅದು ಕಳೆದುಹೋಗುವವರೆಗೂ ಅದೇ ನಾಜಲು. ಈ ಉದಾಸೀನ ನಮಗೆ ದುಬಾರಿಯಾಗುತ್ತಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮ ನಮ್ಮಲ್ಲಿ ಬೇರೂರಿ ನೂರು ವರ್ಷಕ್ಕೂ ಮಿಕ್ಕಿತು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ದಾರಿಯಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ಹಾಗೆಯೇ ಉಳಿದಿದೆ. ಈ ದ್ರಾವಣ ರೋಗ ಬಂದ ಮೇಲೆ ಗುಣಪಡಿಸುವಂಥದಲ್ಲ, ಬಾರದಂತೆ ತಡೆಯುವಂಥದು. ಆದ್ದರಿಂದ ಕಾಯಿಯ ಮೇಲೆ ತೆಳುವಾದ ಲೇಪ ಎಲ್ಲ ಕಡೆಯೂ ಸಮನಾಗಿ ಕೂರಬೇಕು. ಗೊನೆಯ ಒಂದು ಮಗ್ಗುಲಿಗೆ ತೊಟ್ಟಿಕ್ಕುವಷ್ಟು ಬಿದ್ದು ಇನ್ನೊಂದು ಮಗ್ಗುಲು ಒಣಗಿಯೇ ಉಳಿದರೆ ಹೊಡೆದೂ ಹೊಡೆಯದಂತೆ. ಈ ಕೆಲಸ ನಾಜಲಿನದು; ಪಂಪಿನ ಶಕ್ತಿಯಿಂದ ಆಗುವುದಲ್ಲ.

ಔಷಧಿ ಮೇಲಕ್ಕೆ ಹತ್ತದಿದ್ದರೆ ಎಂಜಿನ್ನಿಗೆ ಇನ್ನಷ್ಟು ಎಣ್ಣೆ ಕೊಟ್ಟು ಒತ್ತಡ ಏರಿಸುವುದು ಎಲ್ಲೆಡೆ ಕಾಣುವ ಪದ್ಧತಿ. ಇಲ್ಲಿ ಒಂದು ಸರಳ ನಿಯಮವನ್ನು ನೆನಪಿಡಬೇಕು. ಒಂದೇ ತೂತಿನಿಂದ ಎರಡರಷ್ಟು ನೀರು ಬರಬೇಕಾದರೆ ಒತ್ತಡ ನಾಲ್ಕರಷ್ಟಾಗಬೇಕು. ಒತ್ತಡ ಏರಿದಂತೆ ಹನಿ ಸಣ್ಣದಾಗಿ ಮಂಜಾಗುತ್ತದೆ. ಮಂಜು ಮೇಲಕ್ಕೆ ಹೋಗುವುದಿಲ್ಲ, ಗಾಳಿಯ ಪಾಲಾಗುತ್ತದೆ. ನೆಲದಲ್ಲಿ ನಿಂತು ಐವತ್ತು ಅಡಿ ಎತ್ತರಕ್ಕೆ ಹೊಡೆಯಬೇಕಾದರೆ ದೊಡ್ಡ ತೂತಿನ, ಧಾರೆ ಬಿಡುವ ಗನ್ನು ಬೇಕು. ಕೊನೆಗಾರ ಮರವೇರಿ ಹೊಡೆಯುವುದಾದರೆ, ಅಥವಾ ಈಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿಯ ತುದಿಯನ್ನು ಗೊನೆಯ ಹತ್ತಿರಕ್ಕೇ ಒಯ್ಯುವುದಾದರೆ, ಶಂಕುವಿನಾಕಾರದಲ್ಲಿ ಸಣ್ಣ ಹನಿ ಚೆಲ್ಲುವ ನಾಜಲು ಸಾಕು, ಅದೇ ಉತ್ತಮ. ನೆಲದ ಗನ್ನಿನ ನಾಜಲನ್ನೇ ದೋಟಿಗೆ ಸಿಕ್ಕಿಸಿ, ದೋಟಿಯೇ ಸರಿಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಇನ್ನೊಂದು ವಿಷಯ. ಪಂಪಿನ ಬಳಿಯ ಗೇಜು ತೋರಿಸುವ ಒತ್ತಡ ನಾಜಲಿನಲ್ಲಿ ಇರುವುದಿಲ್ಲ. ಹದಿನೈದು ಮೀಟರು ಎತ್ತರಕ್ಕೇ ಸುಮಾರು ಒಂದೂವರೆ ಕಿಲೋ ಒತ್ತಡ ಕಳೆಯುತ್ತದೆ. ಉದ್ದನೆಯ ಪೈಪಿನೊಳಗಿನ ಘರ್ಷಣೆಯಲ್ಲಿ ಕಳೆಯುವುದು ಬೇರೆ.

ಕಾಫಿಗೆ ಬಂದರೆ ಲೆಕ್ಕ ಬೇರೆ. ಎಲೆ ತುಕ್ಕು ರೋಗದ ಬೀಜಾಣು ಎಲೆಯ ಅಡಿಭಾಗದ ರಂಧ್ರಗಳಿಂದ ಒಳಹೊಗುತ್ತದೆ. ಮುಂಗಾರಿಗೆ ಮುಂಚೆ ಶೇಕಡಾ ಅರ್ಧದ ಬೋರ್ಡೋ ಹೊಡೆಯುವಾಗ ಎಲೆಯ ಮೇಲ್ಭಾಗವೆಲ್ಲ ನೀಲಿಯಾಗಿ ಕಾಣುವುದು ಕಣ್ಣಿಗೆ ಹಿತ, ಗಿಡಕ್ಕೆ ಪ್ರಯೋಜನ ಕಡಿಮೆ. ನಾಜಲು ಮೇಲ್ಮುಖವಾಗಿ ಬಾಗಿರಬೇಕು, ಗಿಡದ ಒಳಗಿನಿಂದ ಹೊಡೆಯಬೇಕು.

ಈಗ ಸವೆತದ ಮಾತು. ಬೋರ್ಡೋ ದ್ರಾವಣದ ಸುಣ್ಣದ ಕಣ ಮರಳು ಕಾಗದದಂತೆ ತೂತನ್ನು ಉಜ್ಜುತ್ತದೆ. ಹಿತ್ತಾಳೆ ಬೇಗ ಸವೆಯುತ್ತದೆ, ಸ್ಟೀಲು ತಡೆಯುತ್ತದೆ, ಸೆರಾಮಿಕ್ ಇನ್ನೂ ಹೆಚ್ಚು ಕಾಲ ಬರುತ್ತದೆ. ಸವೆತ ಕಣ್ಣಿಗೆ ಕಾಣದು, ಅಳೆದೇ ತಿಳಿಯಬೇಕು. ಹೊಸ ನಾಜಲಿನಿಂದ ಒಂದು ನಿಮಿಷ ಬರುವ ನೀರನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ಬರೆದಿಡಿ. ಮುಂದೆ ಅದೇ ಒತ್ತಡದಲ್ಲಿ ಶೇಕಡಾ ಹತ್ತು ಹೆಚ್ಚು ಬಂದರೆ ಬದಲಾಯಿಸಬೇಕು. ನಿಮಿಷಕ್ಕೆ 1.2 ಲೀಟರು ಬಿಡಬೇಕಾದ ನಾಜಲು ಸವೆದು 1.6 ಲೀಟರು ಬಿಟ್ಟರೆ, ಮೂರು ಬ್ಯಾರಲಿನ ಕೆಲಸಕ್ಕೆ ನಾಲ್ಕು ಬ್ಯಾರಲು ಬೇಕಾಗುತ್ತದೆ. ಇನ್ನೂರು ಲೀಟರಿನ ಒಂದು ಬ್ಯಾರಲೆಂದರೆ ಎರಡು ಕಿಲೋ ಮೈಲುತುತ್ತ. ಒಂದು ನಾಜಲಿನ ಬೆಲೆಯನ್ನು ಇದಕ್ಕೆ ಹೋಲಿಸಿ ನೋಡಿ. ಹೆಚ್ಚಿಗೆ ಬಿದ್ದರೆ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ಕಾಯಿ ಹಿಡಿದುಕೊಳ್ಳುವುದಕ್ಕಿಂತ ಮಿಕ್ಕದ್ದು ಬುಡಕ್ಕೆ ಇಳಿಯುತ್ತದೆ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ಹಳ್ಳ ಸೇರಿದರೆ ಮೀನಿಗೂ ವಿಷ.

ಇಲ್ಲಿ ಕೂಲಿಯ ಪದ್ಧತಿಯ ಬಗ್ಗೆಯೂ ಹೇಳದೆ ವಿಧಿಯಿಲ್ಲ. ಬ್ಯಾರಲಿಗೆ ಇಷ್ಟು ಎಂದು ಗುತ್ತಿಗೆ ಕೊಟ್ಟರೆ, ಬ್ಯಾರಲು ಬೇಗ ಖಾಲಿಯಾದಷ್ಟೂ ಹೊಡೆಯುವವನಿಗೆ ಲಾಭ. ಸವೆದ ನಾಜಲು ಅವನ ಸ್ನೇಹಿತ. ಇದು ಅವನ ತಪ್ಪಲ್ಲ, ನಾವು ಮಾಡಿದ ಕರಾರಿನ ತಪ್ಪು. ಮರಕ್ಕೆ ಇಷ್ಟು ಎಂದರೆ ಅವಸರದಲ್ಲಿ ಮರಗಳು ಹಾರಿಹೋಗುತ್ತವೆ. ದಿನಗೂಲಿಯೇ ಲೇಸೆಂದು ನಮಗೆ ತೋರುತ್ತದೆ; ಅದೂ ಆಗದಿದ್ದಲ್ಲಿ ನಾಜಲಾದರೂ ತೋಟದ ಯಜಮಾನನದೇ ಆಗಿರಲಿ.

ಬಯಲುಸೀಮೆಯವರಿಂದ ನಾವು ಕಲಿಯಬೇಕಾದದ್ದೂ ಇದೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಕಡೆ ದ್ರಾಕ್ಷಿಯ ಬೂಜು ರೋಗಕ್ಕೆ ಔಷಧಿ ಹೊಡೆಯುವವನ ಬದುವಿನಾಚೆ ಹಿಪ್ಪುನೇರಳೆ ಇದ್ದರೆ, ಕೀಟನಾಶಕದ ಮಂಜು ಗಾಳಿಗೆ ಹಾರಿ ಆ ಸೊಪ್ಪಿನ ಮೇಲೆ ಕೂತಿತೆಂದರೆ ನೆರೆಯವನ ಇಡೀ ರೇಷ್ಮೆ ಬೆಳೆಯೇ ಹೋಗಬಹುದು. ಅಲ್ಲಿ ಹನಿಯ ಗಾತ್ರ ನೆರೆಹೊರೆಯ ಸ್ನೇಹದ ಪ್ರಶ್ನೆ. ನಮ್ಮ ನೆರೆಯಲ್ಲಿ ರೇಷ್ಮೆ ಹುಳು ಇಲ್ಲದಿರಬಹುದು, ಜೇನುಪೆಟ್ಟಿಗೆ ಇದೆ, ಕುಡಿಯುವ ನೀರಿನ ಬಾವಿ ಇದೆ.

ಸಿಂಪರಣೆ ಮುಗಿದ ಮೇಲೆ ಅದೇ ಪಂಪಿನಿಂದ ಕಣ, ಪಲ್ಪರು, ಜೀಪು ತೊಳೆಯುವವರು ಹೆಚ್ಚಿದ್ದಾರೆ. ಬಣ್ಣ ನೋಡಿ ಮೋಸಹೋಗಬೇಡಿ. ತೊಳೆಯುವ ಯಂತ್ರದ ತುದಿಗಳಲ್ಲಿ ಬಣ್ಣ ಕೋನವನ್ನು ಸೂಚಿಸುತ್ತದೆ: ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಅಂತರರಾಷ್ಟ್ರೀಯ ಗುರುತಿನ ಕೃಷಿ ನಾಜಲಿನಲ್ಲಾದರೋ ಬಣ್ಣ ನೀರಿನ ಪ್ರಮಾಣವನ್ನು ಸೂಚಿಸುತ್ತದೆ; ಮೂರು ಕಿಲೋ ಒತ್ತಡದಲ್ಲಿ ಹಳದಿ ನಿಮಿಷಕ್ಕೆ 0.8 ಲೀಟರು, ನೀಲಿ 1.2, ಕೆಂಪು 1.6. ಸಿಮೆಂಟು ಕಣಕ್ಕೆ ಹಸಿರು ಅಥವಾ ಬಿಳಿ ತುದಿ ಸಾಕು. ಕೆಂಪು ತುದಿಯ ಧಾರೆ ಗಾರೆಯನ್ನೇ ಕಿತ್ತೀತು. ಅದರ ಮುಂದೆ ಕೈ ಒಡ್ಡಿದರೆ ನೀರು ಚರ್ಮವನ್ನು ಸೀಳಿ ಒಳನುಗ್ಗುತ್ತದೆ. ಗಾಯ ಸಣ್ಣದೆಂದು ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕಟ್ಟಿಕೊಂಡ ನಾಜಲಿಗೆ ಬಾಯಿಟ್ಟು ಊದುವುದನ್ನು ಹುಡುಗರಿಗೆ ಬಿಡಿಸಿ. ತಂತಿಯಿಂದ ಚುಚ್ಚಿದರೆ ತೂತು ಕೆಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಸುಣ್ಣವನ್ನು ಬಟ್ಟೆಯಲ್ಲಿ ಸೋಸಿದ್ದರೆ ಈ ಪಾಡೇ ಇರುವುದಿಲ್ಲ.

ಸಹಕಾರ ಸಂಘಗಳು ಮೈಲುತುತ್ತವನ್ನು ದಾಸ್ತಾನು ಮಾಡುವಂತೆ, ಪ್ರಮಾಣ ನಮೂದಿಸಿದ ನಾಜಲುಗಳನ್ನೂ ಇಡಬೇಕು. ಪ್ರಮಾಣದ ಗುರುತೇ ಇಲ್ಲದ ಮಾಲನ್ನು ಅಗ್ಗವೆಂದು ಕೊಳ್ಳುವುದನ್ನು ಸಂಘಗಳೇ ಮೊದಲು ನಿಲ್ಲಿಸಲಿ. ಜೊತೆಗೆ ಒಂದು ಒತ್ತಡದ ಗೇಜು, ಒಂದು ಅಳತೆಯ ಜಾಡಿಯನ್ನು ಪ್ರತಿ ಡಿಪೋದಲ್ಲಿಟ್ಟು ಸದಸ್ಯರು ತಮ್ಮ ನಾಜಲನ್ನು ತಂದು ಪರೀಕ್ಷಿಸುವಂತಾಗಬೇಕು. ಈ ಬಗ್ಗೆ ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಠರಾವು ಮಂಡಿಸಲಿದ್ದೇವೆ. ಸದಸ್ಯರು ಬರುವಾಗ ಈಗ ಬಳಸುತ್ತಿರುವ ನಾಜಲನ್ನು ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಬರಲಿ.