ಟ್ರಾನ್ಸ್‌ಲೇಟ್ ಅಂದರೆ ಇಲ್ಲಿ ಅನುವಾದವಲ್ಲ

ಲ್ಯಾಬಿನಲ್ಲಿ ವೆಬ್ ಪುಟ ಮಾಡಿಸುತ್ತಿದ್ದೆವು. ಸಿಎಸ್‌ಎಸ್‌ನ 'ಟ್ರಾನ್ಸ್‌ಲೇಟ್' ಎಂಬ ಪದ ಕಂಡ ಹುಡುಗಿಯೊಬ್ಬಳು, "ಟೀಚರ್, ಇದು ಕನ್ನಡವನ್ನು ಮಲಯಾಳಕ್ಕೆ ಮಾಡುತ್ತದಾ?" ಎಂದು ಕೇಳಿದಳು. ಕಾಸರಗೋಡಿನ ಮಗುವಿಗೆ ಬರಬೇಕಾದ ಪ್ರಶ್ನೆಯೇ! ಆದರೆ ಇಲ್ಲಿ ಅದು ಅನುವಾದವಲ್ಲ, ಗಣಿತದ ಸ್ಥಾನಾಂತರ.

ಕನ್ನಡ ಮಾಧ್ಯಮದವರಿಗೆ ಕಂಪ್ಯೂಟರ್ ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ಹೆತ್ತವರಿಂದ ಕೇಳಿ ಕೇಳಿ ನಮಗೆ ಸಾಕಾಗಿದೆ. ಹಾಗೆ ಹೇಳಿಯೇ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಆದರೆ ನೋಡಿ, ಪುಟದ ಚಿತ್ರವನ್ನು ಸರಿಸಲು, ತಿರುಗಿಸಲು, ಹಿಗ್ಗಿಸಲು, ಓರೆಯಾಗಿಸಲು ಬೇಕಾದ ಮುಖ್ಯ ಇಂಗ್ಲಿಷ್ ಪದಗಳು ನಾಲ್ಕೇ: ಟ್ರಾನ್ಸ್‌ಲೇಟ್, ರೊಟೇಟ್, ಸ್ಕೇಲ್, ಸ್ಕ್ಯೂ. ಉಳಿದದ್ದು ಗ್ರಾಫ್ ಹಾಳೆಯ ಗಣಿತ.

ಟ್ರಾನ್ಸ್‌ಲೇಟ್‌ಗೆ 100 ಮತ್ತು 50 ಪಿಕ್ಸೆಲ್ ಕೊಟ್ಟರೆ ಚಿತ್ರ ಬಲಕ್ಕೆ 100, ಕೆಳಕ್ಕೆ 50 ಪಿಕ್ಸೆಲ್ ಸರಿಯುತ್ತದೆ. ಗ್ರಾಫ್ ಹಾಳೆಯಲ್ಲಿ ವೈ ಅಕ್ಷದ ಧನ ದಿಕ್ಕು ಮೇಲಕ್ಕೆ, ಪರದೆಯಲ್ಲಿ ಕೆಳಕ್ಕೆ. ಇಷ್ಟೇ ವ್ಯತ್ಯಾಸ.

ಚಿತ್ರ ಸರಿದರೂ ಅದರ ಮೂಲ ಜಾಗ ಹಾಗೇ ಉಳಿಯುತ್ತದೆ, ಅಕ್ಕಪಕ್ಕದವು ಕದಲುವುದಿಲ್ಲ. ಒಬ್ಬ ಬೋರ್ಡಿನ ಬಳಿ ಬಂದರೆ ಬೆಂಚಿನಲ್ಲಿ ಅವನ ಜಾಗ ಅವನಿಗೇ ಇರುವಂತೆ. ಮೇಲಿನ ಮಾರ್ಜಿನ್ ಹೆಚ್ಚಿಸಿದರೆ ಹಾಗಲ್ಲ, ಕೆಳಗಿನ ಸಾಲುಗಳೆಲ್ಲ ಜರುಗುತ್ತವೆ. ಆದ್ದರಿಂದ ಚಿತ್ರವನ್ನು ಚೂರು ಸರಿಸಲು ಟ್ರಾನ್ಸ್‌ಲೇಟ್ ಮೇಲು. ಆದರೆ ಸ್ಕೇಲ್ ಮಾಡಿ ಹಿಗ್ಗಿಸಿದರೆ ಪಕ್ಕದ ಅಕ್ಷರಗಳ ಮೇಲೆ ಬಂದು ಕೂರಬಹುದು, ಎಚ್ಚರ.

ಕ್ರಮವೂ ಮುಖ್ಯ. ಇದನ್ನು ನಾವು ಮೈದಾನದಲ್ಲಿ ಕಲಿಸಿದೆವು. ಒಬ್ಬ ಹತ್ತು ಹೆಜ್ಜೆ ನಡೆದು ಬಲಕ್ಕೆ ತಿರುಗಿದ. ಇನ್ನೊಬ್ಬ ಮೊದಲು ಬಲಕ್ಕೆ ತಿರುಗಿ ಹತ್ತು ಹೆಜ್ಜೆ ನಡೆದ. ಇಬ್ಬರೂ ನಿಂತದ್ದು ಬೇರೆ ಬೇರೆ ಕಡೆ! ಸಿಎಸ್‌ಎಸ್‌ನಲ್ಲೂ ಅಷ್ಟೇ. ಮೊದಲು 100 ಪಿಕ್ಸೆಲ್ ಬಲಕ್ಕೆ ಸರಿಸಿ, ಆಮೇಲೆ 90 ಡಿಗ್ರಿ ತಿರುಗಿಸೆಂದು ಬರೆದರೆ ಚಿತ್ರ ಬಲಕ್ಕೆ ಹೋಗುತ್ತದೆ. ತಿರುಗಿಸುವುದನ್ನು ಮೊದಲು ಬರೆದರೆ ಅದರ ಅಕ್ಷಗಳೂ ತಿರುಗಿ, ಕೆಳಕ್ಕೆ ಹೋಗುತ್ತದೆ. ಮಕ್ಕಳಿಗೆ ಐದು ನಿಮಿಷದಲ್ಲಿ ಅರ್ಥವಾಯಿತು, ಕನ್ನಡದಲ್ಲೇ.

ಆದೇಶದ ಪದಗಳು ಇಂಗ್ಲಿಷಿನಲ್ಲೇ ಇರಲಿ, ಬ್ರೌಸರಿಗೆ ತಿಳಿಯುವುದು ಅದೇ. ಅವುಗಳನ್ನು ಬಲವಂತವಾಗಿ ಕನ್ನಡಿಸುವ ಉತ್ಸಾಹ ಬೇಡ. ಆದರೆ ವಿವರಣೆ ಮಗುವಿನ ಭಾಷೆಯಲ್ಲಿರಲಿ. ಗಣಿತದ ಅಧ್ಯಾಪಕರೂ ಲ್ಯಾಬಿನವರೂ ವಾರಕ್ಕೊಂದು ಪೀರಿಯಡ್ ಒಟ್ಟಾಗಿ ಮಾಡಲಿ ಎಂಬುದು ನಮ್ಮ ಅಭಿಪ್ರಾಯ. ಹೆತ್ತವರನ್ನೂ ಒಂದು ದಿನ ಕರೆದು ಮಕ್ಕಳ ಪುಟಗಳನ್ನು ತೋರಿಸೋಣ. ನಮ್ಮ ಭಾಷಣಕ್ಕಿಂತ ಅದನ್ನು ಅವರು ನಂಬುತ್ತಾರೆ.

ನಿಮ್ಮ ಶಾಲೆಯಲ್ಲಿ ಹೇಗೆ ಕಲಿಸುತ್ತೀರಿ? ತಿಳಿಸಿ.